ಹಳೆಯ ಪಿಕಪ್ ಟ್ರಕ್ಕಿನ ಚುಕ್ಕಾಣಿ: ಅಲ್ಪವ್ಯಯದ ಮಾರ್ಗಗಳ ಒಂದು ಸಮೀಕ್ಷೆ

1947ರ ಬೇಸಗೆಯಲ್ಲಿ ಶೆವ್ರೊಲೆಟ್ ಸಂಸ್ಥೆಯು ‘ಅಡ್ವಾನ್ಸ್ ಡಿಸೈನ್’ ಎಂಬ ಹೆಸರಿನಿಂದ ಹೊರತಂದ ಪಿಕಪ್ ಟ್ರಕ್ಕುಗಳೂ, ಮರುವರ್ಷ ಫೋರ್ಡ್ ಸಂಸ್ಥೆಯು ಅವಕ್ಕೆ ಪ್ರತಿಯಾಗಿ ಮಾರುಕಟ್ಟೆಗೆ ತಂದ ಎಫ್-1 ಟ್ರಕ್ಕುಗಳೂ, 1953ರಲ್ಲಿ ಆ ಎಫ್-1ರ ಸ್ಥಾನವನ್ನು ಪಡೆದ ಎಫ್-100 ಎಂಬ ಹೆಸರಾಂತ ವಾಹನವೂ ಅಮೆರಿಕದ ಒಕ್ಕಲಿಗನ ಹೊಲಮನೆಗಳ ಸೇವೆಗೆಂದೇ ಹುಟ್ಟಿದವು. ಹುಲ್ಲಿನ ಪಿಂಡಿ, ಗೊಬ್ಬರದ ಮೂಟೆ, ಬೇಲಿಯ ಗೂಟ, ಹಾಲಿನ ಕ್ಯಾನು ಇವುಗಳನ್ನು ಹೊತ್ತು ಕಚ್ಚಾ ರಸ್ತೆಯಲ್ಲಿ ಸಾಗುವುದೇ ಅವುಗಳ ಧರ್ಮವಾಗಿದ್ದುದರಿಂದ, ಅವನ್ನು ನಡೆಸುವವನ ಭುಜಗಳಿಗೆ ಎಷ್ಟು ಶ್ರಮವಾದೀತೆಂಬ ವಿಚಾರವು ರಚನಕಾರರ ಲೆಕ್ಕದಲ್ಲಿ ಹೆಚ್ಚಿನ ಸ್ಥಾನವನ್ನು ಪಡೆದಿರಲಿಲ್ಲ. ಇಂದು ಅದೇ ಟ್ರಕ್ಕುಗಳು ಹೊಸ ಬಣ್ಣವನ್ನು ಬಳಿಸಿಕೊಂಡು, ಭಾನುವಾರದ ವಿಹಾರಕ್ಕೂ ಊರ ಉತ್ಸವದ ಮೆರವಣಿಗೆಗೂ ಹೊರಡುವ ಪ್ರೀತಿಯ ವಸ್ತುಗಳಾಗಿವೆ. ಅವುಗಳ ಒಡೆಯರಲ್ಲಿ ಅನೇಕರು ವಯಸ್ಸಿನಲ್ಲಿ ಟ್ರಕ್ಕಿಗೆ ಸಮಾನರಾದವರು. ಅಂಗಡಿಯ ಮುಂದಿನ ಇಕ್ಕಟ್ಟಾದ ಜಾಗದಲ್ಲಿ ವಾಹನವನ್ನು ನಿಲ್ಲಿಸುವಾಗ ಚುಕ್ಕಾಣಿಯೊಡನೆ ನಡೆಯುವ ಮಲ್ಲಯುದ್ಧವು ಅವರಿಗೆ ಈಗ ವಿನೋದವಾಗಿ ಉಳಿದಿಲ್ಲ. ಆದುದರಿಂದ, ಹೆಚ್ಚು ಹಣವನ್ನು ಸುರಿಯದೆ ಇಂತಹ ವಾಹನಕ್ಕೆ ಪವರ್ ಸ್ಟೀರಿಂಗನ್ನು ಅಳವಡಿಸುವ ಬಗೆ ಯಾವುದೆಂಬ ಪ್ರಶ್ನೆಯು ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ಏಳುತ್ತಿದೆ; ಅದಕ್ಕೆ ದೊರೆಯುವ ಉತ್ತರಗಳೋ ಒಂದಕ್ಕೊಂದು ವಿರುದ್ಧವಾಗಿವೆ.

ದ್ರವದ ಒತ್ತಡದಿಂದ ಚುಕ್ಕಾಣಿಗೆ ನೆರವಾಗುವ ಕಲ್ಪನೆಯು ಈ ಟ್ರಕ್ಕುಗಳಿಗಿಂತ ಹಳೆಯದೆಂಬುದನ್ನು ಇಲ್ಲಿ ನೆನೆಯಬೇಕು. ಪಿಯರ್ಸ್-ಆರೋ ಸಂಸ್ಥೆಯ ಟ್ರಕ್ ವಿಭಾಗದಲ್ಲಿ ಎಂಜಿನಿಯರಾಗಿದ್ದು, ಭಾರದ ವಾಹನಗಳನ್ನು ತಿರುಗಿಸುವ ಕಷ್ಟವನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಡೇವಿಸ್ ಎಂಬಾತನು ಕೆಲಸವನ್ನು ಬಿಟ್ಟು, ಮ್ಯಾಸಚೂಸೆಟ್ಸಿನ ವಾಲ್ಥಮ್ ಪಟ್ಟಣದಲ್ಲಿ ತನ್ನದೇ ಪ್ರಯೋಗಗಳನ್ನು ನಡೆಸಿ, 1920ರ ದಶಕದ ಮಧ್ಯದಲ್ಲಿಯೇ ಕಾರಿನಲ್ಲಿ ಕೂರಿಸಬಹುದಾದ ಸಾಧನವೊಂದನ್ನು ಸಿದ್ಧಪಡಿಸಿದ್ದನು. ಜನರಲ್ ಮೋಟಾರ್ಸ್ ಸಂಸ್ಥೆಯು ಕೆಲಕಾಲ ಅದರಲ್ಲಿ ಆಸಕ್ತಿಯನ್ನು ತಳೆದು, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, 1934ರಲ್ಲಿ, ತಯಾರಿಕೆಯ ವೆಚ್ಚವು ಅಧಿಕವಾದೀತೆಂದು ಕೈಬಿಟ್ಟಿತು. ಯುದ್ಧಕಾಲದಲ್ಲಿ ಸೇನೆಯ ಭಾರವಾಹನಗಳಿಗೆ ಅದು ಉಪಯೋಗಕ್ಕೆ ಬಂದಿತಾದರೂ, ಸಾಮಾನ್ಯ ಗಿರಾಕಿಯು ಅದನ್ನು ಕೊಳ್ಳುವಂತಾದುದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಕಾರಿನೊಡನೆ. ಮರುವರ್ಷ ಕ್ಯಾಡಿಲಾಕ್ ಅದನ್ನು ಅನುಸರಿಸಿತು. ವೆಚ್ಚದ ಕಾರಣಕ್ಕಾಗಿ ಎರಡು ದಶಕಗಳು ಮೂಲೆಗೆ ಬಿದ್ದಿದ್ದ ಈ ಸೌಕರ್ಯವು ಮೊದಲು ಸಿರಿವಂತರ ಕಾರನ್ನು ಹತ್ತಿ, ಒಕ್ಕಲಿಗನ ಪಿಕಪ್ಪಿನವರೆಗೆ ಇಳಿಯುವುದಕ್ಕೆ ಇನ್ನೂ ಬಹುಕಾಲ ಹಿಡಿಯಿತು. ನಮ್ಮ ಪ್ರಶ್ನೆಯಲ್ಲಿಯೂ ಅದೇ ವೆಚ್ಚದ ಮಾತೇ ಪ್ರಧಾನವಾಗಿರುವುದು ಒಂದು ಬಗೆಯ ಇತಿಹಾಸದ ಮುಂದುವರಿಕೆಯೇ ಸರಿ.

ಚುಕ್ಕಾಣಿಯು ಭಾರವಾಗುವುದಕ್ಕೆ ಕಾರಣವೊಂದಲ್ಲ. ಮುಂದಿನ ಚಕ್ರಗಳ ಮೇಲೆ ಬೀಳುವ ತೂಕ, ಟೈರಿನ ಅಗಲ ಮತ್ತು ಅದರೊಳಗಿನ ಗಾಳಿಯ ಒತ್ತಡ, ಚಕ್ರವು ಯಾವ ಅಕ್ಷದ ಸುತ್ತ ಹೊರಳುವುದೋ ಆ ಕಿಂಗ್‌ಪಿನ್ನಿನ ಘರ್ಷಣೆ, ಆ ಅಕ್ಷವು ಹಿಂದಕ್ಕೆ ವಾಲಿರುವ ಕೋನ, ಸ್ಟೀರಿಂಗ್ ಬಾಕ್ಸಿನೊಳಗಿನ ಹಲ್ಲುಗಳ ಅನುಪಾತ, ಕೈಯಲ್ಲಿ ಹಿಡಿಯುವ ಚಕ್ರದ ವ್ಯಾಸ ಇವೆಲ್ಲವೂ ಕೂಡಿ ಆ ಭಾರವನ್ನು ನಿರ್ಣಯಿಸುತ್ತವೆ. ಹಿಂದಿನ ರಚನಕಾರರು ದ್ರವದ ನೆರವಿಲ್ಲದೆಯೇ ಈ ಭಾರವನ್ನು ತಗ್ಗಿಸುವುದಕ್ಕೆ ತಮಗೆ ತಿಳಿದ ಉಪಾಯಗಳನ್ನೆಲ್ಲ ಮಾಡಿದ್ದರು: ಕಿರಿದಾದ ಎತ್ತರದ ಟೈರು, ದೊಡ್ಡ ಚುಕ್ಕಾಣಿ, ಹಿಂದಕ್ಕೆ ಬಹಳ ವಾಲದ ಅಕ್ಷ, ಸುಮಾರು 24ಕ್ಕೆ 1ರಂತಹ ನಿಧಾನವಾದ ಅನುಪಾತ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಐದಾರು ಸುತ್ತು ತಿರುಗಿಸಬೇಕಾಗಿದ್ದರೂ, ಪ್ರತಿಯೊಂದು ಸುತ್ತೂ ಸಹನೀಯವಾಗಿತ್ತು. ಈ ಸಮತೋಲವನ್ನು ಕೆಡಿಸಿದವರು ಅನೇಕ ವೇಳೆ ಈಗಿನ ಒಡೆಯರೇ. ನೋಟಕ್ಕೆ ಗಂಭೀರವಾಗಿರಲೆಂದು ಅಗಲವಾದ ರೇಡಿಯಲ್ ಟೈರುಗಳನ್ನೂ, ಹೊರಕ್ಕೆ ಚಾಚಿದ ರಿಮ್ಮುಗಳನ್ನೂ ಹಾಕಿಸಿ, ಆರು ಸಿಲಿಂಡರಿನ ಎಂಜಿನ್ನನ್ನು ತೆಗೆದು ಎಂಟು ಸಿಲಿಂಡರಿನದನ್ನು ಕೂರಿಸಿ, ಮೂಲದ ದೊಡ್ಡ ಚುಕ್ಕಾಣಿಯ ಬದಲಿಗೆ ಚಿಕ್ಕದೊಂದನ್ನು ಬಿಗಿದ ಮೇಲೆ, ‘ಈ ಹಳೆಯ ಟ್ರಕ್ಕಿನ ಸ್ಟೀರಿಂಗ್ ಬಹು ಭಾರ’ ಎಂದು ದೂರುವುದು ನ್ಯಾಯವೆಂದು ನನಗೆ ತೋರದು.

ಆದಕಾರಣ ಮಿತವ್ಯಯಿಯು ಮೊತ್ತಮೊದಲು ಮಾಡಬೇಕಾದುದು ಯಾವ ಪಂಪನ್ನೂ ಕೊಳ್ಳದೆ, ಜಾಕಿಯನ್ನು ಕೊಟ್ಟು ಮುಂದಿನ ಆಕ್ಸಲನ್ನು ನೆಲದಿಂದ ಎತ್ತಿ ನೋಡುವುದು. ಚಕ್ರಗಳು ನೆಲವನ್ನು ಬಿಟ್ಟಮೇಲೆ ಚುಕ್ಕಾಣಿಯು ಬೆರಳ ತುದಿಯಿಂದ ತಿರುಗಬೇಕು. ಹಾಗೆ ತಿರುಗದಿದ್ದರೆ ದೋಷವು ಟೈರಿನದಲ್ಲ, ಒಳಗಿನ ಘರ್ಷಣೆಯದು. ಆಗ ಸ್ಟೀರಿಂಗ್ ಬಾಕ್ಸನ್ನು ಚಕ್ರಗಳಿಗೆ ಕೂಡಿಸುವ ಡ್ರ್ಯಾಗ್ ಲಿಂಕನ್ನು ಬಿಡಿಸಿ, ಚಕ್ರಗಳನ್ನು ಒಂದು ಕಡೆಯಿಂದಲೂ, ಸ್ಟೀರಿಂಗ್ ಬಾಕ್ಸನ್ನು ಇನ್ನೊಂದು ಕಡೆಯಿಂದಲೂ ಬೇರೆಬೇರೆಯಾಗಿ ಹೊರಳಿಸಿದರೆ, ತಪ್ಪು ಎಲ್ಲಿರುವುದೆಂಬುದು ನಿಮಿಷಗಳಲ್ಲಿ ಗೊತ್ತಾಗುವುದು. ದಶಕಗಳಿಂದ ಗ್ರೀಸು ಕಾಣದೆ ಒಣಗಿದ ಕಿಂಗ್‌ಪಿನ್ನು, ಟ್ರಕ್ಕಿನ ಮುಂಭಾಗದ ಭಾರವನ್ನು ಹೊರುವ ಅದರ ಕೆಳಗಿನ ಥ್ರಸ್ಟ್ ಬೇರಿಂಗು ಪುಡಿಯಾಗಿರುವುದು, ಬಾಕ್ಸಿನೊಳಗಿನ ಎಣ್ಣೆಯು ಸೋರಿ ಗಟ್ಟಿಯಾದ ಮಸಿಯೊಂದೇ ಉಳಿದಿರುವುದು ಇವು ಸಾಮಾನ್ಯವಾಗಿ ಕಾಣಸಿಗುವ ಸ್ಥಿತಿಗಳು. ಕಿಂಗ್‌ಪಿನ್ ಕಿಟ್ಟು ದುಬಾರಿಯಾದುದಲ್ಲ. ಬುಷ್ಷುಗಳನ್ನು ಅಳತೆಗೆ ರೀಮ್ ಮಾಡಿಸುವುದಕ್ಕೆ ಮಾತ್ರ ಕುಶಲನಾದ ಕೆಲಸಗಾರನು ಬೇಕು. ಇದನ್ನು ಮಾಡಿಸಿ, ಟೈರಿಗೆ ತಕ್ಕ ಗಾಳಿಯನ್ನು ತುಂಬಿದ ಮೇಲೆ, ಪವರ್ ಸ್ಟೀರಿಂಗಿನ ಆಲೋಚನೆಯನ್ನೇ ಬಿಟ್ಟವರುಂಟು. ಬಿಡದವರಿಗೂ ಈ ವೆಚ್ಚವು ವ್ಯರ್ಥವಾಗದು. ಸವೆದ ಕೀಲುಗಳ ಮೇಲೆ ಬಲವಾದ ನೆರವನ್ನು ಹೇರುವುದೆಂದರೆ ಸವೆತವನ್ನು ಕೈಗೆ ತಿಳಿಯದಂತೆ ಮರೆಮಾಡುವುದಲ್ಲದೆ ಬೇರೇನೂ ಅಲ್ಲ.

ಇಷ್ಟಾದ ಮೇಲೆಯೂ ನೆರವು ಬೇಕೆನಿಸಿದರೆ ಮಾರ್ಗಗಳು ಹಲವುಂಟು. ಅವುಗಳಲ್ಲಿ ಅತ್ಯಂತ ಸಾಹಸದ್ದೆಂದರೆ ಟ್ರಕ್ಕಿನ ಚಾಸಿಯ ಮುಂಭಾಗವನ್ನೇ ಕತ್ತರಿಸಿ, ಗುಜರಿಯಿಂದ ತಂದ ಕಾರಿನ ಮುಂಭಾಗವನ್ನು ಬೆಸೆಯುವುದು. ಶೆವ್ರೊಲೆಟ್ಟಿನ ಹಳೆಯ ಟ್ರಕ್ಕುಗಳಿಗೆ 1970ರ ದಶಕದ ಕಮಾರೊ ಕಾರಿನ ಸಬ್‌ಫ್ರೇಮೂ, ಐವತ್ತರ ದಶಕದ ಎಫ್-100ಕ್ಕೆ ಪ್ಲಿಮತ್ ವೊಲಾರೆಯ ಮುಂಭಾಗವೂ ಒಂದು ಕಾಲದಲ್ಲಿ ಬಹಳ ಪ್ರಚಾರದಲ್ಲಿದ್ದವು. ಈಚೆಗೆ 2003ರ ಬಳಿಕದ ಕ್ರೌನ್ ವಿಕ್ಟೋರಿಯಾ ಕಾರುಗಳ ಮುಂದಿನ ಸಸ್ಪೆನ್ಷನ್ನನ್ನು ಹೊರುವ ಅಲ್ಯೂಮಿನಿಯಮ್ ತೊಟ್ಟಿಲನ್ನು ಫೋರ್ಡ್ ಟ್ರಕ್ಕುಗಳ ಅಡಿಗೆ ಸೇರಿಸುವ ಪದ್ಧತಿಯು ಬೆಳೆದಿದೆ. ಇದರಿಂದ ಪವರ್ ಸ್ಟೀರಿಂಗು, ಡಿಸ್ಕ್ ಬ್ರೇಕು, ಸ್ವತಂತ್ರ ಸಸ್ಪೆನ್ಷನ್ನು ಮೂರೂ ಒಮ್ಮೆಗೇ ದೊರೆಯುವುವೆಂಬುದು ನಿಜ. ಗುಜರಿಯವನಿಗೆ ಕೊಡುವ ಹಣವನ್ನು ಮಾತ್ರ ಲೆಕ್ಕಿಸಿದರೆ ಇದು ಅಗ್ಗವೆಂದೂ ತೋರುವುದು. ಆದರೆ ಚಾಸಿಯು ನೇರವಾಗಿ ಉಳಿಯುವಂತೆ ಅಳೆದು ಬೆಸೆಯುವ ವಿದ್ಯೆಯು ಎಲ್ಲರ ಕೈಯಲ್ಲಿಲ್ಲ. ರೇಡಿಯೇಟರು, ಎಂಜಿನ್ ಮೌಂಟು, ಎಕ್ಸಾಸ್ಟ್ ಕೊಳವೆ, ಮಡ್‌ಗಾರ್ಡುಗಳ ಆಧಾರ ಎಲ್ಲವನ್ನೂ ಮತ್ತೆ ಹೊಂದಿಸಬೇಕಾಗುವುದು. ಹಾಗೆ ಕತ್ತರಿಸಿ ಅರ್ಧಕ್ಕೆ ನಿಂತ ಟ್ರಕ್ಕುಗಳು ಮಾರಾಟಕ್ಕೆ ಬರುವುದು ಅಪರೂಪವಲ್ಲ. ಚುಕ್ಕಾಣಿಯ ಭಾರವೊಂದೇ ಕಾಯಿಲೆಯಾಗಿರುವಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ನಾನು ಯಾರಿಗೂ ಹೇಳಲಾರೆ.

ಮಸ್ಟಾಂಗ್-2 ಎಂಬ ಸಣ್ಣ ಕಾರಿನ ಮಾದರಿಯಲ್ಲಿ ತಯಾರಾಗಿ ಬರುವ ಹೊಸ ಕ್ರಾಸ್‌ಮೆಂಬರುಗಳೂ, ಅವುಗಳೊಡನೆಯ ರ್‍ಯಾಕ್ ಮತ್ತು ಪಿನಿಯನ್ ಸ್ಟೀರಿಂಗೂ ಸಾವಿರಾರು ಡಾಲರುಗಳ ಮಾತಾದುದರಿಂದ ಅವು ಈ ಸಮೀಕ್ಷೆಯ ಹೊರಗೆ ನಿಲ್ಲುತ್ತವೆ.

ಇನ್ನು ನೆರವನ್ನು ತನ್ನೊಳಗೇ ಅಡಗಿಸಿಕೊಂಡ ಸ್ಟೀರಿಂಗ್ ಬಾಕ್ಸಿನ ವಿಚಾರ. ಇದೇ ರಾಜಮಾರ್ಗವೆಂದು ಬಹುಮಂದಿಯ ಅಭಿಪ್ರಾಯ. ಮಿಷಿಗನ್ನಿನ ಸ್ಯಾಗಿನಾ ಪಟ್ಟಣದಲ್ಲಿದ್ದ ಜನರಲ್ ಮೋಟಾರ್ಸಿನ ವಿಭಾಗವು ಕ್ಯಾಡಿಲಾಕ್ ಕಾರಿಗಾಗಿ 1940ರ ವೇಳೆಗೆ ರೂಢಿಗೆ ತಂದ ಗುಂಡುಗಳು ಹರಿದಾಡುವ ಸ್ಕ್ರೂ ಯಂತ್ರವನ್ನೇ ಆಧಾರವಾಗಿಟ್ಟುಕೊಂಡು, ಅದರ ಸುತ್ತ ಪಿಸ್ಟನ್ನನ್ನೂ, ತಲೆಯಲ್ಲಿ ಕವಾಟವನ್ನೂ ಸೇರಿಸಿ ಮುಂದೆ ತಯಾರಿಸಿದ ಬಾಕ್ಸು ಅರುವತ್ತರ ದಶಕದಿಂದ ಎಷ್ಟೋ ಕಾರು, ಟ್ರಕ್ಕು, ಜೀಪುಗಳಲ್ಲಿ ಕೂಡಿದೆ. ಅದರ ಒಳಗೆ ತೆಳುವಾದ ಉಕ್ಕಿನ ಕಡ್ಡಿಯೊಂದುಂಟು. ಚಾಲಕನು ಚುಕ್ಕಾಣಿಯನ್ನು ತಿರುಗಿಸಿದಾಗ ಟೈರಿನ ಪ್ರತಿರೋಧದಿಂದ ಆ ಕಡ್ಡಿಯು ಕೊಂಚ ತಿರುಚಿಕೊಳ್ಳುವುದು. ತಿರುಚಿಕೊಂಡಷ್ಟು ಕವಾಟವು ತೆರೆದು, ಪಂಪಿನಿಂದ ಬಂದ ದ್ರವವು ಪಿಸ್ಟನ್ನಿನ ಒಂದು ಬದಿಯನ್ನು ಒತ್ತುವುದು. ಪ್ರತಿರೋಧವು ಇಲ್ಲದಾದೊಡನೆ ಕಡ್ಡಿಯು ತನ್ನ ಸ್ವಸ್ಥಿತಿಗೆ ಮರಳಿ ನೆರವೂ ನಿಲ್ಲುವುದು. ಈ ಕಡ್ಡಿಯ ದಪ್ಪವೇ ಚಾಲಕನ ಕೈಗೆ ರಸ್ತೆಯ ಅರಿವು ಎಷ್ಟು ಬರಬೇಕೆಂಬುದನ್ನು ನಿಯಮಿಸುತ್ತದೆ. ಆದುದರಿಂದ ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಎರಡು ಬಾಕ್ಸುಗಳಲ್ಲಿ, ವಿಲಾಸದ ಕಾರಿನಿಂದ ಬಂದದ್ದು ಹತ್ತಿಯಂತೆ ಹಗುರವಾಗಿಯೂ, ವೇಗದ ಓಟಕ್ಕೆಂದು ಮಾಡಿದ ಕಾರಿನಿಂದ ಬಂದದ್ದು ಬಿಗಿಯಾಗಿಯೂ ಇರುವುದು. ಗುಜರಿಯಲ್ಲಿ ಆಯುವವನು ಬಾಕ್ಸಿನ ಆಕಾರವನ್ನು ಮಾತ್ರ ನೋಡದೆ, ಅದು ಯಾವ ವಾಹನದಿಂದ ಬಂದಿತೆಂಬುದನ್ನೂ ವಿಚಾರಿಸುವುದು ಲೇಸು.

1967ರಿಂದ 1972ರವರೆಗಿನ ಶೆವ್ರೊಲೆಟ್ ಸಿ-10 ಟ್ರಕ್ಕುಳ್ಳವರು ಈ ವಿಷಯದಲ್ಲಿ ಭಾಗ್ಯವಂತರು. ಆ ವರ್ಷಗಳಲ್ಲಿ ಪವರ್ ಸ್ಟೀರಿಂಗನ್ನು ಸಂಸ್ಥೆಯೇ ಐಚ್ಛಿಕವಾಗಿ ಕೊಡುತ್ತಿದ್ದುದರಿಂದ, ಬಾಕ್ಸು, ಅದರಿಂದ ಹೊರಟು ಲಿಂಕನ್ನು ನೂಕುವ ಪಿಟ್‌ಮನ್ ಆರ್ಮು, ಪಂಪಿನ ಬ್ರ್ಯಾಕೆಟ್ಟು, ಪುಲ್ಲಿ ಇವೆಲ್ಲವೂ ಒಂದೇ ಟ್ರಕ್ಕಿನಿಂದ ಒಟ್ಟಾಗಿ ದೊರೆಯುವ ಸಾಧ್ಯತೆಯುಂಟು. ಹಾಗೆ ಒಂದೇ ವಾಹನದಿಂದ ಸಮಸ್ತವನ್ನೂ, ಬೋಲ್ಟು-ನಟ್ಟುಗಳ ಸಹಿತವಾಗಿ, ಬಿಚ್ಚಿ ತಂದವನೇ ಜಾಣನು. ಏಕೆಂದರೆ ಈ ಕೆಲಸದಲ್ಲಿ ಹಣವನ್ನು ನುಂಗುವುದು ಬಾಕ್ಸಲ್ಲ, ಬಾಕ್ಸಿನ ಸುತ್ತಲಿನ ಚಿಲ್ಲರೆ ಸಾಮಾನು. ಬಾಕ್ಸಿನೊಳಗೆ ಹೋಗುವ ದಂಡದ ತುದಿಯಲ್ಲಿ ಕೊರೆದಿರುವ ಗೀರುಗಳ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಬೇರೆಯಾಗಿರುವುದು. ಮುಕ್ಕಾಲು ಅಂಗುಲದ ದಂಡದಲ್ಲಿಯೇ 30 ಗೀರಿನದೂ 36 ಗೀರಿನದೂ ಉಂಟು, ಅದಕ್ಕಿಂತ ಕೊಂಚ ದಪ್ಪನಾದ ದಂಡವೂ ಉಂಟು. ತಪ್ಪಿದರೆ ಹೊಸ ಜೋಡಣೆಯನ್ನು ಕೊಳ್ಳಬೇಕು. ಸುಮಾರು 1980ಕ್ಕೆ ಹಿಂದಿನ ಬಾಕ್ಸುಗಳಲ್ಲಿ ಹೋಸಿನ ಬಾಯಿಯು ಫ್ಲೇರ್ ಬಗೆಯದು, ಆಮೇಲಿನವುಗಳಲ್ಲಿ ರಬ್ಬರು ಉಂಗುರದ ಮೆಟ್ರಿಕ್ ಬಗೆಯದು. ಹಳೆಯ ಪಂಪನ್ನೂ ಹೊಸ ಬಾಕ್ಸನ್ನೂ ಜತೆಗೂಡಿಸಿದವನು ವಿಶೇಷವಾದ ಹೋಸನ್ನೇ ಮಾಡಿಸಬೇಕಾಗುವುದು. ಗುಜರಿಯಲ್ಲಿ ಅಗ್ಗವಾಗಿ ಸಿಕ್ಕಿದ ಬಾಕ್ಸಿಗೆ ಅದರ ಬೆಲೆಯ ಇಮ್ಮಡಿಯಷ್ಟು ಹಣವನ್ನು ಹೋಸು, ಜಾಯಿಂಟು, ಬ್ರ್ಯಾಕೆಟ್ಟುಗಳಿಗೆ ತೆತ್ತು, ಕೊನೆಗೆ ಸಿದ್ಧವಾದ ಕಿಟ್ಟನ್ನೇ ಕೊಂಡಿದ್ದರೆ ಒಳ್ಳೆಯದಿತ್ತೆಂದು ಕೊರಗುವವರನ್ನು ಎಲ್ಲ ಗ್ಯಾರೇಜುಗಳಲ್ಲಿಯೂ ಕಾಣಬಹುದು.

ಐವತ್ತರ ದಶಕದ ಟ್ರಕ್ಕುಗಳ ಸ್ಥಿತಿಯು ಇದಕ್ಕಿಂತ ಕಠಿನವಾದುದು. ಅಲ್ಲಿ ಇಬ್ಬದಿಯ ಚಕ್ರಗಳನ್ನೂ ಒಂದೇ ಉಕ್ಕಿನ ತೊಲೆಯು ಹಿಡಿದಿರುವುದು. ಅದರ ಮೇಲೆ ಪಟ್ಟೆ ಸ್ಪ್ರಿಂಗುಗಳು. ಎಡ ಚಾಸಿಗೆ ಬಿಗಿದ ಬಾಕ್ಸಿನ ಪಿಟ್‌ಮನ್ ಆರ್ಮು ಹಿಂದಕ್ಕೂ ಮುಂದಕ್ಕೂ ತೂಗಾಡಿ, ಚಾಸಿಯ ಉದ್ದಕ್ಕೆ ಸಾಗುವ ಡ್ರ್ಯಾಗ್ ಲಿಂಕಿನ ಮೂಲಕ ಎಡಚಕ್ರವನ್ನು ನೂಕುವ ವ್ಯವಸ್ಥೆಯು ಅಡ್ವಾನ್ಸ್ ಡಿಸೈನ್ ಟ್ರಕ್ಕಿನಲ್ಲಿರುವಂತೆ ಇತರ ಅನೇಕ ವಾಹನಗಳಲ್ಲಿಯೂ ಇತ್ತು. ಆರ್ಮು ಅಡ್ಡಡ್ಡಲಾಗಿ ತೂಗುವ ಬಾಕ್ಸನ್ನು ತಂದು ಇಲ್ಲಿ ಕೂರಿಸಲು ಬಾರದು. 1979ರಿಂದ 1985ರವರೆಗಿನ ಟೊಯೊಟಾ ನಾಲ್ಕು ಚಕ್ರ ಚಾಲನೆಯ ಪಿಕಪ್ಪುಗಳಲ್ಲಿಯೂ ಇಂತಹದೇ ಗಡುಸಾದ ಮುಂದಿನ ಆಕ್ಸಲೂ, ಹಿಂದೆ ಮುಂದೆ ನೂಕುವ ಲಿಂಕೂ ಇದ್ದುದರಿಂದ, ಅವುಗಳ ಚಿಕ್ಕದಾದ ಗಟ್ಟಿಮುಟ್ಟಾದ ಬಾಕ್ಸು ಈ ಅಮೆರಿಕನ್ ಮುದುಕರಿಗೆ ಹೊಂದಿಕೊಂಡಿದೆ. ಒಕ್ಕಲಿಗನ ಟ್ರಕ್ಕಿಗೆ ಸಮುದ್ರದಾಚೆಯ ಇನ್ನೊಂದು ಒಕ್ಕಲಿಗನ ಟ್ರಕ್ಕೇ ನೆರವಾದ ಈ ಸಂಬಂಧವು ನನಗೆ ಬಹಳ ಹಿಡಿಸುವುದು. ಅದೇ ಟೊಯೊಟಾದ 1986ರ ಬಳಿಕದ ಬಾಕ್ಸು, ಮುಂದಿನ ಸಸ್ಪೆನ್ಷನ್ನು ಬದಲಾದ ಕಾರಣ, ಅಡ್ಡಕ್ಕೆ ತೂಗುವಂತಹುದು. ಎರಡನ್ನೂ ಒಂದೇ ಎಂದು ಬಗೆದು ಕೊಂಡವನಿಗೆ ಫಜೀತಿ ತಪ್ಪದು.

ಬಾಕ್ಸಿನ ಸ್ಥಾನವನ್ನು ಬದಲಿಸುವಾಗ ಎರಡು ಸಂಗತಿಗಳು ಮನಸ್ಸಿನಲ್ಲಿರಬೇಕು. ಮೊದಲನೆಯದು ದಿಕ್ಕು. ಬಾಕ್ಸನ್ನು ತಲೆಕೆಳಗು ಮಾಡಿದರೂ, ಆಕ್ಸಲಿನ ಹಿಂದಿದ್ದುದನ್ನು ವಿಚಾರಿಸದೆ ಮುಂದಕ್ಕೆ ಒಯ್ದರೂ, ಚುಕ್ಕಾಣಿಯನ್ನು ಬಲಕ್ಕೆ ತಿರುಗಿಸಿದಾಗ ಚಕ್ರಗಳು ಎಡಕ್ಕೆ ಹೊರಳುವ ಪ್ರಮಾದವು ಸಂಭವಿಸಬಹುದು. ಇದು ಕೇಳುವುದಕ್ಕೆ ನಗೆಯ ಮಾತಾದರೂ, ಎಲ್ಲವನ್ನೂ ಬೆಸೆದು ಮುಗಿಸಿದ ಮೇಲೆ ತಿಳಿದವನಿಗೆ ನಗೆ ಬಾರದು. ಎರಡನೆಯದು ಲಿಂಕಿನ ಉದ್ದ ಮತ್ತು ಇಳಿಜಾರು. ಸ್ಪ್ರಿಂಗು ಅದುಮಿ ಎದ್ದಾಗ ಆಕ್ಸಲು ಯಾವ ಕಮಾನಿನಲ್ಲಿ ಚಲಿಸುವುದೋ, ಡ್ರ್ಯಾಗ್ ಲಿಂಕಿನ ತುದಿಯೂ ಹೆಚ್ಚುಕಡಿಮೆ ಅದೇ ಕಮಾನಿನಲ್ಲಿ ಚಲಿಸಬೇಕು. ಇಲ್ಲವಾದರೆ ರಸ್ತೆಯ ಪ್ರತಿಯೊಂದು ಹಳ್ಳದಲ್ಲಿಯೂ ಟ್ರಕ್ಕು ತಾನಾಗಿಯೇ ಪಕ್ಕಕ್ಕೆ ಹಾರುವುದು. ಮೂಲದ ರಚನಕಾರರು ಆರ್ಮಿನ ತುದಿಯನ್ನು ಎಲ್ಲಿಟ್ಟಿದ್ದರೋ ಅಲ್ಲಿಯೇ ಹೊಸ ಆರ್ಮಿನ ತುದಿಯೂ ಬರುವಂತೆ ಬಾಕ್ಸನ್ನು ಕೂರಿಸುವುದು ಇದಕ್ಕಿರುವ ಸುಲಭವಾದ ಸೂತ್ರ. ಅಳೆಯುವಾಗ ಟ್ರಕ್ಕು ತನ್ನ ಚಕ್ರಗಳ ಮೇಲೆಯೇ, ಎಂಜಿನ್ನಿನ ಪೂರ್ಣಭಾರದೊಡನೆ ನಿಂತಿರಬೇಕೆಂಬುದನ್ನು ಮರೆಯುವವರು ಬಹಳ.

ಪಂಪಿನ ವಿಷಯವು ಕಿರಿಕಿರಿಯದು. ಶೆವ್ರೊಲೆಟ್ಟಿನ ಆರು ಸಿಲಿಂಡರಿನ ಹಳೆಯ ಎಂಜಿನ್ನುಗಳಲ್ಲಿ ಬೆಲ್ಟು ಅಗಲವಾದುದು, ಪುಲ್ಲಿಯಲ್ಲಿ ಎರಡನೆಯ ಬೆಲ್ಟಿಗೆ ಎಡೆಯಿಲ್ಲ. ಆದುದರಿಂದ ಪುಲ್ಲಿ, ಬ್ರ್ಯಾಕೆಟ್ಟು ಎರಡನ್ನೂ ಮಾಡಿಸಬೇಕಾಗುವುದು, ಬೆಲ್ಟಿನ ದಾರಿಯು ಒಂದು ಕೂದಲೆಳೆಯಷ್ಟು ಓರೆಯಾದರೂ ಅದು ಕಿರುಚುವುದು. ಸ್ಯಾಗಿನಾ ಪಂಪು ಚದರ ಅಂಗುಲಕ್ಕೆ ಒಂದು ಸಾವಿರ ಪೌಂಡಿಗೂ ಮೀರಿದ ಒತ್ತಡವನ್ನು ಕೊಡಬಲ್ಲುದು. ನಿಂತಲ್ಲಿಯೇ ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿದಾಗ ಆ ಹೊರೆಯು ನಿಧಾನವಾಗಿ ಓಡುತ್ತಿರುವ ಎಂಜಿನ್ನಿನ ಮೇಲೆ ಬೀಳುವುದರಿಂದ, ಕಾರ್ಬ್ಯುರೇಟರಿನಲ್ಲಿ ಐಡಲಿಂಗನ್ನು ಸ್ವಲ್ಪ ಏರಿಸಬೇಕಾಗಬಹುದು. ಒತ್ತಡದ ಹೋಸು ಎಕ್ಸಾಸ್ಟಿನ ಹತ್ತಿರ ಹಾಯಕೂಡದು. ಇಷ್ಟೆಲ್ಲ ಇದ್ದರೂ ಈ ವ್ಯವಸ್ಥೆಗೆ ವಿದ್ಯುತ್ತಿನ ಹಂಗಿಲ್ಲವೆಂಬುದು ದೊಡ್ಡ ಗುಣ: ಮೂಲದ ಆರು ವೋಲ್ಟಿನ ವ್ಯವಸ್ಥೆಯನ್ನು ಹಾಗೆಯೇ ಉಳಿಸಿಕೊಂಡ ಟ್ರಕ್ಕಿಗೂ ಇದು ಸಲ್ಲುವುದು.

ಬಾಕ್ಸನ್ನು ಮುಟ್ಟದೆ, ಲಿಂಕಿಗೆ ಮಾತ್ರ ಒಂದು ದ್ರವದ ಸಿಲಿಂಡರನ್ನು ಕಟ್ಟಿ ನೆರವಾಗುವ ಬೇರೊಂದು ಹಳೆಯ ಪದ್ಧತಿಯುಂಟು. ಅರುವತ್ತರ ದಶಕದ ಮಸ್ಟಾಂಗಿನಲ್ಲಿಯೂ, 1963ರಿಂದ 1982ರವರೆಗಿನ ಕಾರ್ವೆಟ್ಟಿನಲ್ಲಿಯೂ ಇದ್ದುದು ಇದೇ. ಮೂಲದ ಬಾಕ್ಸು ಉಳಿಯುವುದೆಂಬುದು ಇದರ ಆಕರ್ಷಣೆ. ಆದರೆ ಚಕ್ರಗಳ ನಡುವೆ ಕೆಸರು ಕಲ್ಲುಗಳ ಹೊಡೆತಕ್ಕೆ ಸಿಕ್ಕಿದ ನಾಲ್ಕಾರು ಹೋಸುಗಳು ಸೋರದೆ ಇರುವುದು ಕಷ್ಟ, ಕವಾಟವು ಸವೆದರೆ ಚುಕ್ಕಾಣಿಯು ತನ್ನಿಚ್ಛೆಯಂತೆ ಒಂದು ಪಕ್ಕಕ್ಕೆ ಎಳೆಯಲಾರಂಭಿಸುವುದು. ಇಂದಿನ ದಿನ ಇದನ್ನು ಹೊಸದಾಗಿ ಅಳವಡಿಸುವುದಕ್ಕೆ ಬಲವಾದ ಕಾರಣವೇನೂ ನನಗೆ ಕಾಣದು.

ಕಳೆದ ಒಂದೆರಡು ದಶಕಗಳಲ್ಲಿ ಈ ಚರ್ಚೆಯನ್ನೇ ತಲೆಕೆಳಗು ಮಾಡಿದುದು ವಿದ್ಯುತ್ತಿನ ಸ್ಟೀರಿಂಗ್. 1988ರಲ್ಲಿ ಸುಜುಕಿಯ ಸರ್ವೊ ಎಂಬ ಪುಟ್ಟ ಕಾರಿನಲ್ಲಿ ಕಾಣಿಸಿಕೊಂಡ ಈ ಉಪಾಯದಲ್ಲಿ, ಚುಕ್ಕಾಣಿಯ ಕಂಬಕ್ಕೆ ಸೇರಿದಂತೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಮೋಟಾರೊಂದಿರುವುದು. ಚಾಲಕನ ಕೈಯ ತಿರುಚುಬಲವನ್ನು ಸೆನ್ಸರೊಂದು ಅಳೆದು ಮೋಟಾರಿಗೆ ತಿಳಿಸುವುದು. ಸ್ಯಾಟರ್ನ್ ವ್ಯೂ, ಮೊದಲ ಪೀಳಿಗೆಯ ಶೆವ್ರೊಲೆಟ್ ಇಕ್ವಿನಾಕ್ಸ್, 2004ರಿಂದ 2009ರವರೆಗಿನ ಟೊಯೊಟಾ ಪ್ರಿಯಸ್ ಮೊದಲಾದ ಕಾರುಗಳು ಗುಜರಿಯ ಅಂಗಳಕ್ಕೆ ಬರತೊಡಗಿದಾಗ, ಅವುಗಳ ಕಂಬವನ್ನು ಬಿಚ್ಚಿ ತಂದು ಹಳೆಯ ಟ್ರಕ್ಕಿಗೆ ಸೇರಿಸಬಹುದೆಂಬುದು ಜಾಣರಿಗೆ ಹೊಳೆಯಿತು. ಪಂಪಿಲ್ಲ, ಹೋಸಿಲ್ಲ, ಬೆಲ್ಟಿಲ್ಲ, ನೆಲಕ್ಕೆ ಎಣ್ಣೆಯ ತೊಟ್ಟಿಲ್ಲ. ಹುಡ್ಡನ್ನು ಎತ್ತಿ ನೋಡಿದವನಿಗೆ ಎಂಜಿನ್ನು ಮೊದಲಿದ್ದಂತೆಯೇ ಕಾಣುವುದು. ಕಾರಿನಲ್ಲಿದ್ದಾಗ ಆ ಯಂತ್ರವು ವಾಹನದ ವೇಗವನ್ನು ಇತರ ಕಂಪ್ಯೂಟರುಗಳಿಂದ ಕೇಳಿ ತಿಳಿಯುತ್ತಿತ್ತು. ಟ್ರಕ್ಕಿನಲ್ಲಿ ಹೇಳುವವರಿಲ್ಲದುದರಿಂದ ಪ್ರಿಯಸ್ಸಿನ ಕಂಬವು ತನ್ನ ಸುರಕ್ಷಿತ ಸ್ಥಿತಿಗೆ ಹೋಗಿ ಗೊತ್ತಾದ ಒಂದು ಮಟ್ಟದ ನೆರವನ್ನು ಕೊಡುತ್ತಿರುವುದು. ವ್ಯೂ ಕಂಬಕ್ಕೆ ಹೊರಗಿನಿಂದ ಸಣ್ಣದೊಂದು ನಿಯಂತ್ರಣದ ಡಬ್ಬಿಯನ್ನು ಸೇರಿಸಿ, ಗುಂಡಿಯನ್ನು ತಿರುವಿ ನೆರವನ್ನು ಏರಿಸಿ ಇಳಿಸುವವರಿದ್ದಾರೆ. ಒಟ್ಟು ವೆಚ್ಚದಲ್ಲಿ ದ್ರವದ ಪದ್ಧತಿಯು ಇದಕ್ಕೆ ಸರಿಗಟ್ಟುವುದು ದುರ್ಲಭ.

ಆದರೆ ಇದನ್ನು ಹೊಗಳುವವರು ಎರಡು ಮಾತುಗಳನ್ನು ಸಾಮಾನ್ಯವಾಗಿ ಹೇಳದೆ ಬಿಡುತ್ತಾರೆ. ದ್ರವದ ಬಾಕ್ಸಿನಲ್ಲಿ ನೆರವು ಹುಟ್ಟುವುದು ಬಾಕ್ಸಿನೊಳಗೆ. ಚುಕ್ಕಾಣಿಯಿಂದ ಬಾಕ್ಸಿನವರೆಗಿನ ದಂಡಕ್ಕೆ ಬೀಳುವ ಹೊರೆಯು ಅಲ್ಪ. ವಿದ್ಯುತ್ತಿನ ಕಂಬದಲ್ಲಿಯಾದರೋ ನೆರವು ಹುಟ್ಟುವುದು ಬಾಕ್ಸಿಗೆ ಮೊದಲೇ. ಮೋಟಾರಿನ ಬಲವೆಲ್ಲವೂ ಆ ಮುದಿ ಬಾಕ್ಸಿನ ಹಲ್ಲುಗಳ ಮೂಲಕವೇ, ನಡುವಿನ ಪ್ರತಿಯೊಂದು ಜಾಯಿಂಟಿನ ಮೂಲಕವೇ ಹಾಯ್ದುಹೋಗಬೇಕು. ಮನುಷ್ಯನ ತೋಳು ಎಂದೂ ಹೇರದಿದ್ದ ಬಲವನ್ನು ಮೋಟಾರು ಹೇರಬಲ್ಲುದಾದುದರಿಂದ, ಸವೆದ ಬಾಕ್ಸನ್ನು ಮೊದಲು ಸರಿಪಡಿಸದೆ ಈ ಕಂಬವನ್ನು ಸೇರಿಸುವುದು ವಿವೇಕವಲ್ಲ. ಹಲ್ಲುಗಳ ಅನುಪಾತವೂ ಬದಲಾಗದು: ದ್ರವದ ಬಾಕ್ಸು 16 ಅಥವಾ 17ಕ್ಕೆ 1ರ ಆಸುಪಾಸಿನಲ್ಲಿದ್ದು ಮೂರುವರೆ ನಾಲ್ಕು ಸುತ್ತುಗಳಲ್ಲಿ ಮುಗಿಸುವುದನ್ನು, ಇಲ್ಲಿ ಹಗುರವಾಗಿಯಾದರೂ ಆ ಐದಾರು ಸುತ್ತುಗಳಲ್ಲಿಯೇ ಮಾಡಬೇಕು. ಎರಡನೆಯ ಮಾತು ವಿದ್ಯುತ್ತಿನದು. ಶೆವ್ರೊಲೆಟ್ ಟ್ರಕ್ಕುಗಳು 1955ರಲ್ಲಿ, ಫೋರ್ಡಿನವು 1956ರಲ್ಲಿ ಹನ್ನೆರಡು ವೋಲ್ಟಿಗೆ ಬಂದವು. ಅದಕ್ಕೆ ಹಿಂದಿನ ಟ್ರಕ್ಕಿನಲ್ಲಿ ಬಲ್ಬಿನಿಂದ ಹಿಡಿದು ಬ್ಯಾಟರಿಯವರೆಗೆ ಎಲ್ಲವನ್ನೂ ಬದಲಿಸದೆ ಈ ಮೋಟಾರು ಓಡದು. ಹನ್ನೆರಡು ವೋಲ್ಟಿನದಾದರೂ, ನಿಂತಲ್ಲಿ ತಿರುಗಿಸುವಾಗ ಮೋಟಾರು ಕ್ಷಣಕಾಲ ಹತ್ತಾರು ಆಂಪಿಯರುಗಳನ್ನು ಸೆಳೆಯುವುದರಿಂದ, ಸುಮಾರು 30 ಆಂಪಿಯರಿನ ಹಳೆಯ ಡೈನಮೊ, ಅದರಲ್ಲಿಯೂ ಐಡಲಿಂಗಿನಲ್ಲಿ ಏನನ್ನೂ ಕೊಡದಂತಹುದು, ಇದಕ್ಕೆ ಸಾಲದು. ಆಲ್ಟರ್ನೇಟರು ಬೇಕು, ದಪ್ಪನೆಯ ತಂತಿ ಬೇಕು, ತಕ್ಕ ಫ್ಯೂಸು ಬೇಕು.

ಸುರಕ್ಷಿತ ಸ್ಥಿತಿಯಲ್ಲಿ ಸದಾ ಓಡುತ್ತಿರುವ ಯಂತ್ರವನ್ನು ನಂಬಬಹುದೇ ಎಂಬ ಬಗ್ಗೆ ವಾದವುಂಟು. ಮೋಟಾರು ನಿಂತುಹೋದರೂ ದಂಡದ ಸಂಪರ್ಕವು ಕಡಿಯದುದರಿಂದ ಚುಕ್ಕಾಣಿಯು ಭಾರವಾಗುವುದೇ ಹೊರತು ಕೈತಪ್ಪದು. ಇದು ದ್ರವದ ಪಂಪಿನ ಬೆಲ್ಟು ಹರಿದಾಗ ಆಗುವುದಕ್ಕಿಂತ ಹೆಚ್ಚಿನ ಅಪಾಯವಲ್ಲ. ಬದಲಿಗೆ, ಹೆದ್ದಾರಿಯ ವೇಗದಲ್ಲಿಯೂ ವಾಹನವನ್ನು ನಿಲ್ಲಿಸುವಾಗಿನಷ್ಟೇ ನೆರವು ದೊರೆಯುವುದರಿಂದ ಚುಕ್ಕಾಣಿಯು ತೇಲಾಡಿದಂತಾಗುವುದೆಂಬ ಆಕ್ಷೇಪವೇ ಹೆಚ್ಚು ತೂಕದ್ದು. ಹಗಲು ಊರೊಳಗೆ ಓಡಾಡುವ ಐವತ್ತರ ದಶಕದ ಹನ್ನೆರಡು ವೋಲ್ಟಿನ ಟ್ರಕ್ಕಿಗೆ ನಾನು ಈ ಕಂಬವನ್ನೇ ಆರಿಸುವೆನು. ದೂರದ ಹೆದ್ದಾರಿಗೆ ಹೊರಡುವವನಿಗೆ, ಅಥವಾ 1967ರ ಬಳಿಕದ ಟ್ರಕ್ಕುಳ್ಳವನಿಗೆ, ದ್ರವದ ಬಾಕ್ಸೇ ಮೇಲು. ಕಾರುಗಳಿಂದ ಬಂದ ವಿದ್ಯುತ್-ದ್ರವ ಪಂಪುಗಳನ್ನು, ಟೊಯೊಟಾ ಎಂಆರ್-2ರದನ್ನೂ ವೋಲ್ವೊದ್ದನ್ನೂ, ಬೆಲ್ಟಿನ ತೊಂದರೆಯಿಂದ ಪಾರಾಗಲೆಂದು ಬಳಸುವವರಿದ್ದಾರೆ. ಅವರಿಗೆ ಎರಡೂ ಪದ್ಧತಿಗಳ ಗುಣಗಳ ಜತೆಗೆ ಎರಡರ ವೆಚ್ಚವೂ ಲಭಿಸುವುದು.

ಯಾವ ಮಾರ್ಗವನ್ನು ಹಿಡಿದರೂ ಕೈಬಿಗಿ ಸಲ್ಲದ ಸ್ಥಳವೊಂದುಂಟು. ಐವತ್ತರ ದಶಕದ ಅನೇಕ ಟ್ರಕ್ಕುಗಳಲ್ಲಿ ಬಾಕ್ಸಿನೊಳಗಿನ ಸ್ಕ್ರೂವೂ ಚುಕ್ಕಾಣಿಯ ದಂಡವೂ ಒಂದೇ ಅಖಂಡವಾದ ಉಕ್ಕಿನ ಸಲಾಕೆ. ಮುಂಭಾಗಕ್ಕೆ ಪೆಟ್ಟು ಬಿದ್ದರೆ ಅದು ನೇರವಾಗಿ ಚಾಲಕನ ಎದೆಯತ್ತ ಬರುವುದು. ಕುಸಿದು ಮಡಿಚಿಕೊಳ್ಳುವ ಕಂಬವು ಅಮೆರಿಕದ ಪ್ರಯಾಣಿಕ ಕಾರುಗಳಲ್ಲಿ ಕಡ್ಡಾಯವಾದುದು 1968ರಿಂದ. ಬಾಕ್ಸನ್ನೋ ಕಂಬವನ್ನೋ ಬದಲಿಸುವಾಗ ಈ ಸಲಾಕೆಯನ್ನು ಹೇಗಿದ್ದರೂ ಕತ್ತರಿಸಬೇಕಾಗುವುದರಿಂದ, ನಡುವೆ ಯುನಿವರ್ಸಲ್ ಜಾಯಿಂಟುಗಳು ಬಂದು ಆ ಅಪಾಯವು ತಾನಾಗಿ ತಗ್ಗುವುದು. ಮಾರ್ಪಾಟಿನ ಈ ಲಾಭವನ್ನು ಎಣಿಸುವವರು ವಿರಳ. ಒಂದು ಜಾಯಿಂಟು 30 ಡಿಗ್ರಿಗಿಂತ ಹೆಚ್ಚು ಬಾಗಬಾರದು. ಹೆಚ್ಚು ಬೇಕಾದರೆ ಎರಡು, ಮೂರು ಬಂದರೆ ನಡುವೆ ಆಧಾರದ ಬೇರಿಂಗು. ಎರಡು ಜಾಯಿಂಟುಗಳ ಕವಲುಗಳು ಒಂದೇ ಸಾಲಿನಲ್ಲಿರಬೇಕು, ಇಲ್ಲವಾದರೆ ಚುಕ್ಕಾಣಿಯು ಒಂದು ಸುತ್ತಿನಲ್ಲಿಯೇ ಒಮ್ಮೆ ಹಗುರವಾಗಿಯೂ ಒಮ್ಮೆ ಭಾರವಾಗಿಯೂ ತೋರುವುದು. ಈ ದಂಡಗಳಿಗೆ ಚಪ್ಪಟೆ ಮಗ್ಗುಲುಗಳ ಹೊಂದಿಕೆಯನ್ನು ಸ್ಕ್ರೂಗಳಿಂದ ಬಿಗಿಯುವ ಜೋಡಣೆಯೇ ಕ್ಷೇಮ. ಹಿತ್ತಲಿನ ವೆಲ್ಡಿಂಗಿಗೆ ಇಲ್ಲಿ ಎಡೆಯಿಲ್ಲ. ಪಿಟ್‌ಮನ್ ಆರ್ಮನ್ನು ಕಾಯಿಸಿ ಬಗ್ಗಿಸುವುದು, ಎರಡು ಆರ್ಮುಗಳ ಅರ್ಧರ್ಧವನ್ನು ಬೆಸೆಯುವುದು, ಚಾಸಿಯ ತೆಳುವಾದ ತಗಡಿಗೆ ಒಳಗೆ ದಪ್ಪನೆಯ ಪಟ್ಟಿಯನ್ನು ಕೊಡದೆ ಬಾಕ್ಸನ್ನು ಬಿಗಿಯುವುದು, ಇವುಗಳಿಂದ ಉಳಿಯುವ ಹಣವು ಹಣವೇ ಅಲ್ಲ. ಅಮೆರಿಕದ ಕೆಲವು ಸಂಸ್ಥಾನಗಳಲ್ಲಿ ವಾಹನದ ವಾರ್ಷಿಕ ತಪಾಸಣೆಯ ಅಧಿಕಾರಿಯೂ ಮೊದಲು ಬೆರಳಿಡುವುದು ಇಲ್ಲಿಯೇ.

ಎಲ್ಲವೂ ಕೂಡಿಬಂದು, ಬಾಕ್ಸು ತನ್ನ ನಡುಬಿಂದುವಿನಲ್ಲಿರುವಾಗ ಚಕ್ರಗಳು ನೇರವಾಗಿರುವಂತೆ ಲಿಂಕನ್ನು ಹೊಂದಿಸಿ, ಮುಂದಿನ ಚಕ್ರಗಳನ್ನು ಎತ್ತಿ ಎಂಜಿನ್ನನ್ನು ಚಾಲು ಮಾಡದೆ ಚುಕ್ಕಾಣಿಯನ್ನು ಕೊನೆಯಿಂದ ಕೊನೆಗೆ ಹಲವು ಸಲ ತಿರುಗಿಸಿ ದ್ರವದೊಳಗಿನ ಗಾಳಿಯನ್ನು ಕಳೆದ ಮೇಲೆ, ಬಹುಮಂದಿ ಕೆಲಸವು ಮುಗಿಯಿತೆಂದು ಭಾವಿಸುತ್ತಾರೆ. ಆದರೆ ನೆರವಿಲ್ಲದ ಕಾಲದಲ್ಲಿ ಭಾರವನ್ನು ತಗ್ಗಿಸಲೆಂದು ನೆಟ್ಟಗೆ ನಿಲ್ಲಿಸಿದ್ದ ಕಿಂಗ್‌ಪಿನ್ನಿನ ಅಕ್ಷವು ಈಗಲೂ ಹಾಗೆಯೇ ನಿಂತಿರುವುದರಿಂದ, ತಿರುವಿನ ಬಳಿಕ ಚುಕ್ಕಾಣಿಯು ತಾನಾಗಿ ನೇರಕ್ಕೆ ಮರಳದೆ, ಟ್ರಕ್ಕು ಹೆದ್ದಾರಿಯಲ್ಲಿ ಅಲೆದಾಡುವುದು. ಇದಕ್ಕೆ ಪಂಪನ್ನೋ ಬಾಕ್ಸನ್ನೋ ದೂಷಿಸಿ ಮತ್ತೊಂದನ್ನು ಕೊಳ್ಳುವವರೂ ಉಂಟು. ಪರಿಹಾರವು ಕೆಲವೇ ಡಾಲರುಗಳದು. ಪಟ್ಟೆ ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಉಕ್ಕಿನ ಬೆಣೆಗಳನ್ನು, ದಪ್ಪನಾದ ತುದಿಯು ಟ್ರಕ್ಕಿನ ಹಿಂಬದಿಗೆ ಬರುವಂತೆ ಇಟ್ಟರೆ, ಅಕ್ಷದ ತಲೆಯು ಹಿಂದಕ್ಕೆ ವಾಲುವುದು. ಮೂರರಿಂದ ಐದು ಡಿಗ್ರಿಗಳವರೆಗೆ ವಾಲಿಸಿದರೆ ಚಕ್ರಗಳು ನೇರಕ್ಕೆ ಮರಳಲು ಕಲಿಯುತ್ತವೆ, ಅದರಿಂದ ಹೆಚ್ಚುವ ಭಾರವನ್ನು ಹೊಸ ನೆರವು ಲೆಕ್ಕಿಸದೆ ನುಂಗಿಕೊಳ್ಳುವುದು. ಬೆಣೆಯಿಟ್ಟ ಬಳಿಕ ಸ್ಪ್ರಿಂಗಿನ ಯು-ಬೋಲ್ಟುಗಳು ಸ್ವಲ್ಪ ದೂರ ಓಡಿದ ಮೇಲೆ ಸಡಿಲಗೊಳ್ಳುವುದು ಸಹಜ; ಮೊದಲ ನೂರಿನ್ನೂರು ಮೈಲುಗಳಾದೊಡನೆ ಅವನ್ನೂ, ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳನ್ನೂ ಸ್ಪ್ಯಾನರಿನಿಂದ ಮತ್ತೊಮ್ಮೆ ಬಿಗಿಯತಕ್ಕದ್ದು.